ವಿಭೂತಿ ಹಚ್ಚಿಸಿಕೊಂಡ ಚಿಪ್

ನಮ್ಮ ಅತ್ತಿಗೆಯನ್ನು ನೀವು ಎಲ್ಲಾದರೂ ಕಂಡರೆ ದಯವಿಟ್ಟು "ಹೇಗಿದ್ದೀರಿ?" ಎಂದು ಮಾತ್ರ ಕೇಳಬೇಡಿ. ಬೇರೆಯವರಾದರೆ "ಚೆನ್ನಾಗಿದ್ದೀನಿ" ಅಂದು ನಿಮ್ಮನ್ನು ನಿಮ್ಮ ಪಾಡಿಗೆ ಬಿಡುತ್ತಾರೆ. ನಮ್ಮ ಅತ್ತಿಗೆ ನಿಂತು ಯೋಚಿಸುತ್ತಾರೆ. ಯೋಚಿಸಿ, "ನೋಡಿ ಹೇಳ್ತೀನಿ" ಅನ್ನುತ್ತಾರೆ. ನೀವು ಅದನ್ನು ಮರೆತು, ಮನೆಗೆ ಹೋಗಿ, ಉಂಡು ಮಲಗಿ, ಮುಂದಿನ ವಾರ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದರೆ, ಹಿಂದಿನಿಂದ ಬಂದು ಭುಜ ಮುಟ್ಟಿ, "ಮೊನ್ನೆ ಕೇಳಿದ್ರಲ್ಲ, ಎಡಗಾಲಿನ ಮಂಡಿ ಬಿಟ್ಟರೆ ಮಿಕ್ಕಿದ್ದೆಲ್ಲ ಚೆನ್ನಾಗಿದೆ" ಎನ್ನುತ್ತಾರೆ. ಏನು ಕೇಳಿದ್ದೆ, ಯಾವಾಗ ಕೇಳಿದ್ದೆ ಎಂದು ನೀವು ತಲೆ ಕೆರೆದುಕೊಳ್ಳುವಷ್ಟರಲ್ಲಿ ಅವರು ಹೋಗಿಯಾಗಿರುತ್ತದೆ. ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಬಿಟ್ಟರೆ ಅವರಿಗೆ ಅನ್ನ ಸೇರುವುದಿಲ್ಲ.

ಇದನ್ನು ಕಂಡು ನಗುವವರು ನಗುತ್ತಾರೆ, ಹೆದರುವವರು ಹೆದರುತ್ತಾರೆ. ನನ್ನ ಹೆಂಡತಿ ಎರಡನೆಯ ಗುಂಪಿನವಳು. ಹೊಳೆನರಸೀಪುರದಲ್ಲಿ ನೆಂಟರ ಮದುವೆ. ಇವಳು ಹೊಸ ರೇಷ್ಮೆ ಸೀರೆ ಉಟ್ಟು, ಛತ್ರದ ತುಂಬ ಒಂದು ಸುತ್ತು ಹಾಕಿ, ಯಾರೂ ಏನೂ ಅನ್ನದೇ ಇದ್ದುದಕ್ಕೆ ಕೊನೆಗೆ ಅತ್ತಿಗೆಯ ಹತ್ತಿರ ಹೋಗಿ, "ಅಕ್ಕಾ, ಈ ಬಣ್ಣ ನನಗೆ ಒಪ್ಪುತ್ತಾ?" ಅಂದಳು. "ಯಾವ ಬೆಳಕಲ್ಲಿ?" ಅಂದರು ಅತ್ತಿಗೆ. ಇವಳು ಅಲ್ಲಿಗೇ ಸುಮ್ಮನಾಗಬೇಕಿತ್ತು. ಅತ್ತಿಗೆ ಕೈ ಹಿಡಿದುಕೊಂಡು ಮೊದಲು ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸಿದರು. ಆಮೇಲೆ ಕಿಟಕಿಯ ಹತ್ತಿರ. ಆಮೇಲೆ ಅಡುಗೆಮನೆಯಲ್ಲಿ, ಅನ್ನದ ಕೊಪ್ಪರಿಗೆಯ ಕೆಳಗೆ ಉರಿಯುತ್ತಿದ್ದ ಸೌದೆಯ ಮುಂದೆ. ಕೊನೆಗೆ ಛತ್ರದ ಆಚೆ ಬಿಸಿಲಿನಲ್ಲಿ. ಎಲ್ಲ ಮುಗಿಸಿ, "ಬಿಸಿಲಲ್ಲಿ ಒಪ್ಪುತ್ತೆ. ಟ್ಯೂಬ್‌ಲೈಟಲ್ಲಿ ಸೀರೆ ಚೆನ್ನಾಗಿದೆ, ನೀನು ಅಷ್ಟಿಲ್ಲ" ಅಂದರು. ಅಷ್ಟರಲ್ಲಿ ಒಳಗೆ ಗಟ್ಟಿಮೇಳ ಬಾರಿಸಿ ತಾಳಿ ಕಟ್ಟಿಯಾಗಿತ್ತು. ನನ್ನ ಹೆಂಡತಿಯ ಅಕ್ಷತೆ ಅವಳ ಕೈಯಲ್ಲೇ ಉಳಿದಿತ್ತು. ಅಂದಿನಿಂದ ಅವಳು ಯಾವ ಮದುವೆಗೆ ಹೋದರೂ ಮೊದಲು ತಲೆಯೆತ್ತಿ ದೀಪ ಯಾವುದು ಅಂತ ನೋಡುತ್ತಾಳೆ.

ಬೆಳಕು ಅಂದರೆ ಅತ್ತಿಗೆಗೆ ಅಷ್ಟು. ಅವರು ಹಾಸನದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಡಂ. ಪಾಠ ಮಾಡಿ ಉಳಿದ ಹೊತ್ತಿನಲ್ಲಿ ಬೆಳಕಿಗೆ ಬಣ್ಣ ಬದಲಾಯಿಸುತ್ತಾರೆ. ಬೆರಳಿನ ಉಗುರಿನಷ್ಟು ಅಗಲದ ಒಂದು ಚಿಪ್. ಅದರ ಮೇಲೆ ಕೂದಲಿಗಿಂತ ಎಷ್ಟೋ ಸಣ್ಣ ದಾರಿಗಳು, ಆ ದಾರಿಗಳ ಪಕ್ಕದಲ್ಲಿ ಉಂಗುರಗಳು. ಒಂದು ಕಡೆಯಿಂದ ಕಣ್ಣಿಗೆ ಕಾಣದ ಬೆಳಕನ್ನು ಒಳಗೆ ಬಿಟ್ಟರೆ, ಅದು ಉಂಗುರದಲ್ಲಿ ಸುತ್ತಿ ಸುತ್ತಿ, ಇನ್ನೊಂದು ಕಡೆಯಿಂದ ಹಸಿರಾಗಿ ಹೊರಗೆ ಬರಬೇಕು. ಹಿಂದೆ ಈ ಕೆಲಸಕ್ಕೆ ಒಂದು ಕೋಣೆ ತುಂಬ ಯಂತ್ರ ಬೇಕಾಗುತ್ತಿತ್ತಂತೆ. ಅದನ್ನು ಉಗುರಿನಷ್ಟು ಜಾಗದಲ್ಲಿ, ಅದೂ ಒಂದು ಚೂರೇ ಚೂರು ಬೆಳಕು ಖರ್ಚು ಮಾಡಿ ಮುಗಿಸಬೇಕು ಎನ್ನುವುದು ಅವರ ಹಟ.

ನಾನೂ ನಮ್ಮಣ್ಣನೂ ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ, ಕೊಬ್ಬರಿ ವ್ಯಾಪಾರದವರು. ಅಣ್ಣ ಹಾಸನದಲ್ಲಿ ಮನೆ ಮಾಡಿಕೊಂಡು ದಿನಾ ಮಂಡಿಗೆ ಓಡಾಡುತ್ತಿದ್ದ. ಹೆಂಡತಿಯ ಕೆಲಸವನ್ನು ಮಂಡಿಯವರಿಗೆಲ್ಲ ವಿವರಿಸಿ ಹೇಳುವುದು ಅವನಿಗೆ ಬಲು ಇಷ್ಟ. ಒಂದು ದಿನ ನುಗ್ಗೇಹಳ್ಳಿ ಕಡೆಯ ಹಳೇ ಗಿರಾಕಿಯೊಬ್ಬರು ಎಲೆ ಅಡಿಕೆ ಹಾಕಿಕೊಳ್ಳುತ್ತ ಎಲ್ಲ ಕೇಳಿಸಿಕೊಂಡು, "ಅಲ್ಲಾ ಕಣಯ್ಯಾ, ಈ ಕಡೆ ಎಷ್ಟು ಹಾಕಿದ್ರೆ ಆ ಕಡೆ ಎಷ್ಟು ಬತ್ತದೆ?" ಅಂದರು.

"ಸಾವಿರ ಪಾಲು ಹಾಕಿದ್ರೆ ಒಂದು ಪಾಲು ಬಂದ್ರೂ ಹಬ್ಬ ಅಂತಾಳೆ" ಅಂದ ಅಣ್ಣ.

"ಲಾರಿಗಟ್ಲೆ ಕೊಬ್ರಿ ಅರೆದು ಒಂದು ಚಮಚ ಎಣ್ಣೆ ತೆಗ್ಯೋ ಗಾಣ ಕಣ್ಲಾ ಅದು. ಮುಚ್ಚಾಕೋಕ್ ಹೇಳು."

"ಅದಕ್ಕೇ ಕಣಣ್ಣೋ ಅವಳು ಆ ಗಾಣ ರಿಪೇರಿ ಮಾಡ್ತಾ ಇರೋದು" ಅಂದ ನಮ್ಮಣ್ಣ. ಅತ್ತಿಗೆಯ ಕೆಲಸವನ್ನು ಇಷ್ಟು ಸರಿಯಾಗಿ ಬೇರೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಆ ಗಾಣ ರಿಪೇರಿಯಾಗುವುದು ಹೇಗೆ ಎಂದು ನಾನೇ ಒಮ್ಮೆ ಅತ್ತಿಗೆಯನ್ನು ಕೇಳಿದ್ದೆ. ಕೇಳಿ ಮರೆತಿದ್ದೆ. ಹರಾಜಿನ ಗಲಾಟೆ ಜೋರಾಗಿದ್ದ ಹೊತ್ತಿಗೆ ಸರಿಯಾಗಿ ಫೋನ್ ಬಂತು. "ಜೋಕಾಲಿ" ಅಂದರು ಅತ್ತಿಗೆ. "ಯಾವ ಜೋಕಾಲಿ?" ಅಂದೆ. "ಜೋಕಾಲೀಲಿ ಕೂತಿರೋರನ್ನ ಮುಂದೆ ಒಬ್ಬರು, ಹಿಂದೆ ಒಬ್ಬರು ನಿಂತು ತಳ್ತಿದ್ದಾರೆ ಅಂದ್ಕೋ. ಇಬ್ಬರ ತಾಳವೂ ಕೂಡಿದ್ರೆ ಸಣ್ಣಗೆ ತಳ್ಳಿದ್ರೂ ಮೇಲೆ ಮೇಲೆ ಹೋಗುತ್ತೆ. ತಾಳ ತಪ್ಪಿದ್ರೆ ಒಬ್ಬರು ಕೊಟ್ಟಿದ್ದನ್ನ ಇನ್ನೊಬ್ಬರು ಕಿತ್ಕೋತಾರೆ. ಹಳೇ ಬೆಳಕೂ ಹೊಸ ಬೆಳಕೂ ಜೊತೇಲಿ ಹೆಜ್ಜೆ ಹಾಕೋ ಹಾಗೆ ದಾರಿ ಮಾಡೋದೇ ನನ್ನ ಕೆಲಸ." ಅಷ್ಟು ಹೇಳಿ ಇಟ್ಟುಬಿಟ್ಟರು. ಇತ್ತ ಹರಾಜಿನಲ್ಲಿ ನಾನು ಕಣ್ಣಿಟ್ಟಿದ್ದ ಕೊಬ್ಬರಿಯ ಲಾಟು ಬೇರೆಯವರ ಪಾಲಾಗಿತ್ತು.

ಅಣ್ಣನಿಗೂ ಅವರಿಗೂ ಮದುವೆ ಗಟ್ಟಿಯಾದದ್ದೂ ಇಂಥದೇ ಒಂದು ಪ್ರಶ್ನೆಯಿಂದ. ಅತ್ತಿಗೆಯ ತವರು ಅರಕಲಗೂಡು. ಹೆಣ್ಣು ನೋಡಲು ನಾವೆಲ್ಲ ಹೋಗಿದ್ದೆವು. ಉಪ್ಪಿಟ್ಟು, ಕೇಸರಿಬಾತು ಮುಗಿದು, ಹುಡುಗ ಹುಡುಗಿ ಏನಾದರೂ ಕೇಳುವುದಿದ್ದರೆ ಕೇಳಿಕೊಳ್ಳಲಿ ಎಂದು ಹಿರಿಯರು ಅಂದರು. ಅಣ್ಣ ನಾಚಿಕೊಂಡು ನೆಲ ನೋಡುತ್ತಿದ್ದ. ಹುಡುಗಿಯೇ ಕೇಳಿದಳು: "ನಿಮಗೆ ಉಸಿರು ಹಿಡಿಯೋಕೆ ಬರುತ್ತಾ?"

ಜಮಖಾನದ ಮೇಲೆ ಕೂತಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗನಿಗೆ ಗೂರಲು ಗೀರಲು ಇದೆಯೋ ಏನೋ ಅಂತ ಅನುಮಾನಪಡುತ್ತಿದ್ದಾರೆ ಎಂದು ನಮ್ಮ ಮಾವ ಸಿಟ್ಟಾಗಿ ಎದ್ದೇಬಿಟ್ಟರು. ಅಣ್ಣ ಮಾತ್ರ ಮರುಮಾತಾಡದೆ ಉಸಿರು ಹಿಡಿದುಬಿಟ್ಟ. ಮುಖ ಕೆಂಪಾಯಿತು, ಕಿವಿ ಕೆಂಪಾಯಿತು, ನಮ್ಮವ್ವ ಗಾಬರಿಯಾಗಿ ಬೆನ್ನು ತಟ್ಟಲು ಹೋದಳು. ಆಗ ಹುಡುಗಿ "ಸಾಕು" ಅಂದಳು. ಗಾಜಿನ ಎಳೆಯೊಂದನ್ನು ಚಿಪ್‌ನ ಅಂಚಿಗೆ ತಂದು ನಿಲ್ಲಿಸುವಾಗ ಪಕ್ಕದಲ್ಲಿ ಯಾರಾದರೂ ಉಸಿರುಬಿಟ್ಟರೂ ಎಳೆ ಅಲುಗುತ್ತದಂತೆ. ಕಟ್ಟಿಕೊಂಡವನು ಎಂದಾದರೂ ಒಂದು ದಿನ ಊಟದ ಕ್ಯಾರಿಯರ್ ಹಿಡಿದು ಆ ಕೋಣೆಯ ಬಾಗಿಲಿಗೆ ಬಂದೇ ಬರುತ್ತಾನಲ್ಲ, ಅದಕ್ಕೆ ಕೇಳಿದ್ದಂತೆ. ಅರಕಲಗೂಡಿನಿಂದ ವಾಪಸ್ಸು ಬರುವಾಗ ಅಣ್ಣ ಕಾರಿನಲ್ಲಿ, "ನಾನು ಒಪ್ಪಿದೀನಿ" ಅಂದ. ಯಾರೂ ಅವನನ್ನು ಇನ್ನೂ ಕೇಳಿರಲಿಲ್ಲ. ಮದುವೆಯಾದ ಮೇಲೆ ಅವನು ಎಷ್ಟು ವರ್ಷ ಕ್ಯಾರಿಯರ್ ಹಿಡಿದು ಆ ಬಾಗಿಲಲ್ಲಿ ಉಸಿರು ಹಿಡಿದು ನಿಂತಿದ್ದಾನೋ ಲೆಕ್ಕವಿಲ್ಲ. ಮಕ್ಕಳಾಗಲಿಲ್ಲ. ಅದಕ್ಕೆ ಅವರಿಬ್ಬರೂ ಕೊರಗಿದ್ದನ್ನೂ ನಾನು ಕಾಣೆ. ಅವ್ವ ಅವರ ಜೊತೆಯಲ್ಲೇ ಹಾಸನದಲ್ಲಿದ್ದಳು.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ, ಮಂಡಿಯಲ್ಲಿ ನನ್ನ ಎದುರಿಗೇ, ಅಣ್ಣ ಎದೆ ಹಿಡಿದುಕೊಂಡು ಮೂಟೆಗೆ ಒರಗಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇದನ್ನು ಇದಕ್ಕಿಂತ ಉದ್ದವಾಗಿ ಬರೆಯಲು ನನ್ನಿಂದಾಗುವುದಿಲ್ಲ.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಹಾಸನದ ಮನೆಯ ಪಡಸಾಲೆಯಲ್ಲಿ ಅಣ್ಣನಿಗೆ ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ ಕೂರಿಸಿದ್ದರು. ಎಲ್ಲರೂ ಅಳುತ್ತಿದ್ದೆವು. ಅತ್ತಿಗೆ ಅಳಲಿಲ್ಲ. ಅಣ್ಣನ ತಲೆ ಒಂದು ಕಡೆಗೆ ಸ್ವಲ್ಪ ವಾಲಿತ್ತು. ಅತ್ತಿಗೆ ಎದ್ದು ಹೋಗಿ ಅದನ್ನು ನೆಟ್ಟಗೆ ಮಾಡುವರು, ಎರಡು ಹೆಜ್ಜೆ ಹಿಂದೆ ಬಂದು ನೋಡುವರು, ಮತ್ತೆ ಹೋಗಿ ಒಂದು ಎಳ್ಳಿನಷ್ಟು ಈ ಕಡೆಗೆ ತಿರುಗಿಸುವರು. ಮತ್ತೆ ಹಿಂದೆ ಬರುವರು. "ಆ ಟ್ಯೂಬ್‌ಲೈಟ್ ಮಿಣುಕ್ತಾ ಇದೆ, ಆರಿಸಿ. ಅವರ ಮುಖದ ಮೇಲೆ ಬೀಳ್ತಿದೆ" ಅಂದರು. ಬಂದ ಹೆಂಗಸರು ಬಾಯಿಗೆ ಸೆರಗು ಹಿಡಿದು ಪಿಸುಗುಟ್ಟಿದರು. ನೆಂಟರೊಬ್ಬರು ತಡೆಯಲಾರದೆ, "ಏನವ್ವಾ, ನಿಂಗೆ ಅಳು ಬರಾಕಿಲ್ವಾ?" ಎಂದು ಕೇಳೇಬಿಟ್ಟರು. "ಗೊತ್ತಾಗ್ತಿಲ್ಲ" ಅಂದರು ಅತ್ತಿಗೆ. ಅದು ಅವ್ವನ ಕಿವಿಗೆ ಬಿತ್ತು.

ದುದ್ದದ ಹತ್ತಿರ ನಮ್ಮ ಹೊಲದಲ್ಲಿ ಅಣ್ಣನಿಗೆ ಮಣ್ಣು ಕೊಟ್ಟು ಬಂದ ದಿನವೇ ಅವ್ವ ನನ್ನನ್ನು ಹಿತ್ತಲಿಗೆ ಕರೆದಳು. "ಕಲ್ಲು ಕಣ್ಲಾ ಅದು. ನನ್ ಮಗ ಇಷ್ಟು ವರ್ಸ ಕಲ್ಲಿನ್ ಜೊತೆ ಸಂಸಾರ ಮಾಡವ್ನೆ. ವರ್ಸದ ಗಣಾರಾಧನೆ ಇಲ್ಲೇ ಆಗ್ಲಿ, ಅದು ನನ್ ಮಗನ್ ಮನೆ. ಅದಾದ್ ಮಾರ್ನೇ ದಿನ ನಿನ್ ಮನೀಗೆ ಬಂದ್ಬುಡ್ತೀನಿ" ಅಂದಳು.

ಅವ್ವ ನನ್ನ ಮನೆಗೆ ಬರುವುದು ನನಗೇನು ಭಾರವಲ್ಲ. ಆದರೆ ಅವಳು ಆ ಮನೆಯ ಹೊಸಿಲು ದಾಟಿದರೆ ಅತ್ತಿಗೆಗೂ ನಮಗೂ ನಡುವೆ ಇನ್ನು ಯಾವ ಎಳೆಯೂ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಸಿಟ್ಟಿನಲ್ಲಿ ಬಿಟ್ಟು ಬಂದ ಮನೆಗೆ ಅವ್ವ ತಿರುಗಿ ಕಾಲಿಡುವವಳಲ್ಲ. ಹೋಗಬೇಡಿ ಅಂತ ಕೈ ಹಿಡಿದು ನಿಲ್ಲಿಸಿಕೊಳ್ಳಲು ಅತ್ತಿಗೆಗೂ ಬರುವುದಿಲ್ಲ. ಅವ್ವನ ಮಾತ್ರೆ, ಬಿಸಿನೀರು, ಮೆತ್ತಗೆ ಬೆಂದ ಅನ್ನ ಎಲ್ಲವೂ ಹೊತ್ತುಹೊತ್ತಿಗೆ ಸರಿಯಾಗಿ ಬರುತ್ತಿತ್ತು. "ಡ್ಯೂಟಿ ಮಾಡ್ತಾಳೆ" ಅನ್ನುತ್ತಿದ್ದಳು ಅವ್ವ.

ಹೀಗೆ ಒಂದೇ ಸೂರಿನ ಕೆಳಗೆ ಇಬ್ಬರೂ ಬಾಯಿ ಹೊಲಿದುಕೊಂಡು ಇದ್ದಾಗ ಆಯುಧ ಪೂಜೆ ಬಂತು.

ಆಯುಧ ಪೂಜೆಗೂ ಅತ್ತಿಗೆಗೂ ಹಳೆಯ ವೈರ. ಅಂದು ಕಾಲೇಜಿನ ಬೇರೆ ಎಲ್ಲ ಲ್ಯಾಬುಗಳಲ್ಲಿ ಲೇತಿಗೂ ಕಂಪ್ಯೂಟರಿಗೂ ಕುಂಕುಮ ಹಚ್ಚಿ, ಕರ್ಪೂರ ಬೆಳಗಿ, ಬೂದುಗುಂಬಳ ಒಡೆದರೆ ಅತ್ತಿಗೆ ಮಾತ್ರ ತಮ್ಮ ಕೋಣೆಗೆ ಬೀಗ ಹಾಕಿ, ಕೀ ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಿಗೆ ಕಾವಲು ನಿಲ್ಲುತ್ತಿದ್ದರು. ಊದುಬತ್ತಿಯ ಹೊಗೆ ಒಳಗೆ ಹೋದರೂ ತಿಂಗಳುಗಟ್ಟಲೆ ಮಾಡಿದ ಕೆಲಸ ಹೋಯಿತಂತೆ. ಪೂಜೆಯಿಲ್ಲದ ಲ್ಯಾಬಿನ ಪಕ್ಕ ಕೂರುವುದಿಲ್ಲ ಎಂದು ಅಟೆಂಡರ್ ತಕರಾರು ತೆಗೆದಾಗ ರಾಜಿ ಮಾಡಿಸಿದವನು ಅಣ್ಣ. ಪ್ರತಿವರ್ಷ ಅವನೇ ಹೋಗಿ, ಬಾಗಿಲಿಗೆ ಹಾಕಿದ ಬೀಗಕ್ಕೆ ವಿಭೂತಿ ಹಚ್ಚಿ, ಒಂದು ಹೂವು ಸಿಕ್ಕಿಸಿ, ಕೈ ಮುಗಿದು ಬರುತ್ತಿದ್ದ. ಆಯುಧದ ಪೂಜೆಯೂ ಆಯಿತು, ಆಯುಧವೂ ಉಳಿಯಿತು.

ಅಣ್ಣ ಹೋದ ವರ್ಷ ನೆಂಟರೆಲ್ಲ ಈ ಸಲ ಹಬ್ಬ ಕೂಡದು ಅಂದರು. ನಮ್ಮ ಧರ್ಮದಲ್ಲಿ ಸೂತಕವಿಲ್ಲ ಅಂತ ಹಿರಿಯರು ಹೇಳಿದ್ದಾರೆ, ನಿಜ. ಆದರೆ ನಮ್ಮ ನೆಂಟರಲ್ಲಿ ಇದೆ. ಆ ದಿನ ಮಧ್ಯಾಹ್ನ ನಾನು ಒಂದಿಷ್ಟು ತೆಂಗಿನಕಾಯಿ ತೆಗೆದುಕೊಂಡು ಹಾಸನಕ್ಕೆ ಹೋದೆ. ಹೋಗಿ ನೋಡಿದರೆ ಈಳಿಗೆಮಣೆಗೆ ವಿಭೂತಿ, ಮಿಕ್ಸಿಗೆ ವಿಭೂತಿ, ಅಂಗಳದಲ್ಲಿ ಅಣ್ಣನ ಸ್ಕೂಟರಿಗೆ ವಿಭೂತಿ, ಸೇವಂತಿಗೆ ಹಾರ. ದೇವರ ಮುಂದೆ ಒಂದು ಚಿಕ್ಕ ಡಬ್ಬಿ ತೆರೆದಿತ್ತು. ಅದರೊಳಗೆ ಉಗುರಗಲದ ಹೊಳೆಯುವ ಬಿಲ್ಲೆ. ಅದರ ಮೇಲೂ ವಿಭೂತಿ.

ಅದು ಅತ್ತಿಗೆಯ ಚಿಪ್. ಪರದೇಶದ ಒಂದು ಕಾರ್ಖಾನೆಯಲ್ಲಿ ಹತ್ತಾರು ಜನರ ನಕ್ಷೆಗಳನ್ನು ಒಟ್ಟಿಗೆ ಸೇರಿಸಿ ಒಂದೇ ಸಲಕ್ಕೆ ಅಚ್ಚು ಹಾಕುತ್ತಾರೆ. ಸರದಿ ಬರಬೇಕು. ಅತ್ತಿಗೆ ನಕ್ಷೆ ಕಳಿಸಿ ಒಂದು ವರ್ಷದ ಮೇಲೆ ಕಾದಿದ್ದರು. ದಸರಾ ರಜೆಗೆ ಕಾಲೇಜು ಮುಚ್ಚಿದ್ದರಿಂದ ಕೊರಿಯರ್‌ನವನು ಮನೆಗೆ ತಂದು ಕೊಟ್ಟಿದ್ದ.

"ಏನವ್ವಾ ಇದು?" ಅಂದೆ.

"ಅವಳ ಆಯುಧ" ಅಂದಳು ಅವ್ವ. "ವರ್ಸಾ ವರ್ಸಾ ನಿಮ್ಮಣ್ಣ ಬೀಗಕ್ಕೆ ಹಚ್ಚೋನು. ಬೀಗ ಕಾಲೇಜಲ್ಲೈತೆ. ಆಯುಧ ಮನೇಲೇ ಐತಲ್ಲ. ಅವ್ನಿಲ್ಲ ಅಂತ ಬುಟ್ಬುಡಾಕಾಯ್ತದಾ? ನೋಡು, ಇಷ್ಟೇ ಇಷ್ಟು ಐತೆ. ಅದಕ್ಕೇ ಕಿರುಬೆಳ್ಳಲ್ಲಿ ಹಚ್ಚಿವ್ನಿ."

ಅತ್ತಿಗೆ ಆಗತಾನೇ ಸ್ನಾನ ಮುಗಿಸಿ ಒದ್ದೆ ಕೂದಲಿನಲ್ಲಿ ಬಂದರು. ಡಬ್ಬಿ ನೋಡಿದರು. ಹಾಗೇ ನೆಲದ ಮೇಲೆ ಕೂತರು. ಮೇಜಿನ ಮೇಲಿದ್ದ ಭೂತಗನ್ನಡಿ ತರಿಸಿಕೊಂಡು ನೋಡಿದರು, ಮತ್ತೆ ನೋಡಿದರು. ಇನ್ನೇನು ಸಿಡಿಲು ಬೀಳುತ್ತದೆ ಅಂತ ನಾನು ಕಾದೆ. ಅವ್ವನೂ ಕಾದಳು ಅಂತ ನನಗೆ ಅನಿಸುತ್ತದೆ.

"ಯಾಕೆ? ತಪ್ಪಾಯ್ತಾ?" ಅಂದಳು ಅವ್ವ.

"ನೋಡಿ ಹೇಳ್ತೀನಿ ಅತ್ತೆ" ಅಂದರು ಅತ್ತಿಗೆ. ಡಬ್ಬಿ ಮುಚ್ಚಿಕೊಂಡು ಎದ್ದು ಹೋದರು.

ಅವ್ವ ನನ್ನ ಕಡೆ ತಿರುಗಿ, "ನೋಡ್ದಾ? ಬಯ್ಯಾಕೂ ಬರಾಕಿಲ್ಲ ಅವಳ್ಗೆ. ಬೈದಿದ್ರೆ ಮಗಳು ಅಂದ್ಕತಿದ್ದೆ" ಅಂದಳು.

ನಾನು ಜಗಲಿಗೆ ಹೋಗಿ ಅತ್ತಿಗೆಯ ಪಕ್ಕ ಕೂತೆ. ತೊಳೆದುಬಿಟ್ಟರೆ ಆಗುವುದಿಲ್ಲವೇ ಎಂದು ಕೇಳಿದೆ. "ಆ ದಾರಿಗಳ ಮುಂದೆ ವಿಭೂತಿ ಕಣ ಅಂದ್ರೆ ಬಂಡೆ" ಅಂದರು. "ಉಜ್ಜಿದ್ರೆ ಗೀಚಿ ಹಾಕುತ್ತೆ. ತೊಳೆದ್ರೆ ಇಲ್ಲಿಂದು ಎದ್ದು ಇನ್ನೊಂದು ಕಡೆ ಹೋಗಿ ಕೂರುತ್ತೆ." ಹಾಗಾದರೆ ಇನ್ನೊಂದು ತರಿಸಿ ಅಂದೆ. ಅತ್ತಿಗೆ ಅಂಗಳದಲ್ಲಿ ಹಾರ ಹಾಕಿಕೊಂಡು ನಿಂತಿದ್ದ ಸ್ಕೂಟರನ್ನೇ ನೋಡುತ್ತಿದ್ದರು. "ತರಿಸಬಹುದು. ಆದ್ರೆ ಇದರ ನಕ್ಷೆ ಕಳಿಸಿದಾಗ ಅವರಿದ್ರು" ಅಂದರು. ಅಷ್ಟೇ.

ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು, ಅಣ್ಣನ ಗಣಾರಾಧನೆಯೂ ಮುಗಿಯಿತು. ಜಂಗಮರು, ನೆಂಟರು ಉಂಡು ಹೋದರು. ಅವ್ವ ಕೇಳಿದ್ದಕ್ಕೆ ಅತ್ತಿಗೆಯಿಂದ ಉತ್ತರ ಬರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಅವ್ವ ಅಂದ ಹಾಗೇ ತನ್ನ ಬ್ಯಾಗು ತುಂಬಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನಾನು ಬ್ಯಾಗನ್ನು ಕಾರಿನ ಡಿಕ್ಕಿಗೆ ಹಾಕಿದೆ. ಅತ್ತಿಗೆ ಗೇಟಿನ ತನಕ ಬಂದರು. ಹೋಗಿಬನ್ನಿ ಅನ್ನುತ್ತಾರೆ ಅಂದುಕೊಂಡೆ. ಅವರು, "ಅತ್ತೆ, ನಿಮಗೆ ಒಂದು ಉತ್ತರ ಕೊಡೋದು ಬಾಕಿ ಇದೆ. ಹಂಗೇ ಕಾಲೇಜಿಗೆ ಬಂದು ಹೋಗಿ" ಅಂದರು.

ಅವ್ವ ನನ್ನ ಮುಖ ನೋಡಿದಳು. ಬೇಡ ಅನ್ನಲು ಕಾರಣ ಸಿಗದೆ ಕಾರು ಹತ್ತಿದಳು.

ಆ ಕೋಣೆಯೊಳಗೆ ನಾನಾಗಲಿ ಅವ್ವನಾಗಲಿ ಕಾಲಿಟ್ಟಿದ್ದು ಅದೇ ಮೊದಲು. ಅತ್ತಿಗೆ ಅವ್ವನಿಗೆ ಬಿಳಿ ಕೋಟು ತೊಡಿಸಿ, ಸೆರಗಿನ ಮೇಲೆ ಟೋಪಿ ಹಾಕಿ, ಮೂಗಿಗೆ ಬಟ್ಟೆ ಕಟ್ಟಿ, ಕಣ್ಣಿಗೆ ದಪ್ಪ ಕನ್ನಡಕ ಏರಿಸಿದರು. ಬೇರೆ ದಿನವಾಗಿದ್ದರೆ ನಾನು ನಕ್ಕು ನಕ್ಕು ಬೀಳುತ್ತಿದ್ದೆ. ನನಗೂ ಅದೇ ವೇಷವಾಯಿತು. ನಡುವೆ ಒಂದು ಕಬ್ಬಿಣದ ಮೇಜು. ಕೆಳಗಡೆ ಲಾರಿ ಓಡಿದರೂ ಅಲುಗಬಾರದು ಅಂತ ಅದು ಗಾಳಿ ತುಂಬಿದ ಕಾಲುಗಳ ಮೇಲೆ ನಿಂತಿದೆಯಂತೆ. ಅದರ ಮೇಲೆ ಸೂಕ್ಷ್ಮದರ್ಶಕ, ಅದರ ಕೆಳಗೆ ಆ ಚಿಪ್, ಎರಡೂ ಕಡೆಯಿಂದ ಬಂದ ಗಾಜಿನ ಎಳೆಗಳು. ಪಕ್ಕದ ಪರದೆಯ ಮೇಲೆ ಚಿಪ್ ದೊಡ್ಡದಾಗಿ ಕಾಣುತ್ತಿತ್ತು: ಸಾಲು ಸಾಲು ಉಂಗುರಗಳು, ಅವುಗಳ ಮೇಲೆ ಅಡ್ಡಡ್ಡ ಬಿದ್ದ ಬಂಡೆಗಳು. ಅವ್ವನ ಕಿರುಬೆರಳು ಹೋದ ದಾರಿ ಸ್ಪಷ್ಟವಾಗಿತ್ತು.

"ಅಷ್ಟೂ ನಾನ್ ಹಚ್ಚಿದ್ದಾ?" ಅಂದಳು ಅವ್ವ, ಸಣ್ಣ ದನಿಯಲ್ಲಿ.

"ಹೂಂ ಅತ್ತೆ. ತಪ್ಪಾಯ್ತಾ ಅಂತ ಕೇಳಿದ್ರಿ. ಕೆಲವು ಉಂಗುರ ಹಾಳಾಗಿವೆ. ಕೆಲವು ಉಳಿದಿವೆ. ಒಂದೊಂದನ್ನೇ ನೋಡೋಕೆ ಇಷ್ಟು ದಿನ ಆಯ್ತು. ಉಳಿದಿರೋದು ಸಾಕು."

ಅತ್ತಿಗೆ ಕಿಟಕಿಯ ಪರದೆ ಎಳೆದರು, ದೀಪ ಆರಿಸಿದರು. ಕೋಣೆ ಕತ್ತಲಾಯಿತು. "ಉಸಿರು ನಿಧಾನಕ್ಕೆ ಬಿಡಿ" ಅಂದರು. ಅವರ ಕೈ ಒಂದು ತಿರುಪನ್ನು ತಿರುಗಿಸುತ್ತಿದ್ದುದು ಮಸುಕಾಗಿ ಕಾಣುತ್ತಿತ್ತು. ಮೊದಲು ಏನೂ ಇರಲಿಲ್ಲ. ಆಮೇಲೆ ಚಿಪ್‌ನ ಮೇಲೆ ಒಂದು ಹಸಿರು ಚುಕ್ಕೆ ಹುಟ್ಟಿತು. ಸಾಸಿವೆಗಿಂತ ಚಿಕ್ಕದು. ಆದರೆ ಎಂಥ ಹಸಿರು ಅಂತೀರಿ, ಭತ್ತದ ಸಸಿಮಡಿಯ ಮೇಲೆ ಎಳೆ ಬಿಸಿಲು ಬಿದ್ದ ಹಾಗೆ.

ಅವ್ವ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಇದೇನಾ? ಇದನ್ನೇನಾ ಅವನು ಊರಿಗೆಲ್ಲ ಹೇಳ್ಕಂಡು ತಿರುಗ್ತಿದ್ದದ್ದು?"

"ಇದನ್ನೇ ಅತ್ತೆ. ನಿಮ್ಮ ವಿಭೂತಿ ಕಣದಿಂದಾನೇ ನಮ್ಮ ಕಣ್ಣಿಗೆ ಕಾಣ್ತಿರೋದು. ಉಂಗುರ ದಾಟಿ ಬಂದ ಬೆಳಕು ತನ್ನ ದಾರೀಲಿ ತಾನು ಹೋಗ್ತಿತ್ತು. ಆ ಕಣ ಅಡ್ಡ ಕೂತು ಒಂದಿಷ್ಟನ್ನ ಆಚೆಗೆ ಚೆಲ್ಲಿದೆ. ಚೆಲ್ಲಿದ್ದು ಮಾತ್ರ ಕಾಣುತ್ತೆ."

ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ಸಮಾಧಾನದ ಮಾತು ಅವರಿಗೆ ಬರುವುದೇ ಇಲ್ಲ. ಅವ್ವ ಎಷ್ಟೋ ಹೊತ್ತು ಆ ಚುಕ್ಕೆಯನ್ನೇ ನೋಡುತ್ತಿದ್ದಳು. "ಅವನಿಗೆ ತೋರಿಸ್ಬೇಕಿತ್ತು" ಅಂದಳು. ಇಷ್ಟಕ್ಕೇ ಮುಗಿಯಿತು, ಇನ್ನು ಹೊರಡಬಹುದು ಅಂತ ನಾನು ಅಂದುಕೊಂಡೆ. ಆದರೆ ಅತ್ತಿಗೆಯ ಉತ್ತರ ಇನ್ನೂ ಮುಗಿದಿರಲಿಲ್ಲ. ಅವರು ತಿರುಪನ್ನು ಮತ್ತೆ ತಿರುಗಿಸಿದರು. ಚುಕ್ಕೆ ಆರಿಹೋಯಿತು.

"ಇದು ಪಕ್ಕದ ಉಂಗುರ" ಅಂದರು. "ಇದರ ಮೇಲೆ ವಿಭೂತಿ ಬಿದ್ದಿಲ್ಲ. ಇದರಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಹಸಿರಿದೆ."

ಅವ್ವ ಬಗ್ಗಿ ನೋಡಿದಳು. ನಾನೂ ನೋಡಿದೆ. ಕಗ್ಗತ್ತಲು. ದಾರಿಯ ಆ ತುದಿಯಲ್ಲಿ ಬೆಳಕನ್ನು ಅಳೆಯುವ ಮೀಟರಿನ ಮೇಲೆ ಅಂಕಿಗಳು ಮಾತ್ರ ಏರುತ್ತಿದ್ದವು.

"ಎಲ್ಲವ್ವಾ? ಏನೂ ಕಾಣಾಕಿಲ್ಲವಲ್ಲ."

"ಇದೆ ಅತ್ತೆ. ಒಳಗೇ ಇದೆ. ಒಂದು ತೊಟ್ಟೂ ಆಚೆ ಚೆಲ್ತಿಲ್ಲ. ಅದಕ್ಕೇ ಕಾಣಲ್ಲ."

ಅವ್ವ ಆ ಕತ್ತಲನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ನಿಧಾನವಾಗಿ ಕೈ ಚಾಚಿ, ತಡಕಾಡಿ, ಅತ್ತಿಗೆಯ ತೋಳು ಹಿಡಿದುಕೊಂಡಳು.

"ನೀನೂ ಇಂಗೇ ಇದ್ದೆ ಕಣವ್ವಾ, ಇಷ್ಟು ದಿನ" ಅಂದಳು. "ನಾನು ಬರೀ ಕತ್ಲೆ ಅಂದ್ಕಂಡಿದ್ದೆ."

ತಿರುಪಿನ ಮೇಲಿದ್ದ ಅತ್ತಿಗೆಯ ಕೈ ಜಾರಿತು. ಮೀಟರಿನ ಅಂಕಿಗಳು ಇಳಿದು ಸೊನ್ನೆಗೆ ಬಂದವು. ಆ ಕತ್ತಲಲ್ಲಿ ಮೊದಲು ನನಗೆ ಅದು ಏನು ಸದ್ದು ಅಂತಲೇ ಗೊತ್ತಾಗಲಿಲ್ಲ. ಅತ್ತಿಗೆ ಅಳುತ್ತಿದ್ದರು. ಅಭ್ಯಾಸವಿಲ್ಲದವರು ಅಳುವ ಹಾಗೆ, ನಡುನಡುವೆ ಉಸಿರು ಕಟ್ಟಿಕೊಂಡು ಅಳುತ್ತಿದ್ದರು. ಅವ್ವ ಆ ಟೋಪಿ, ಆ ಕೋಟು, ಆ ಕನ್ನಡಕದ ಸಮೇತ ಅವರನ್ನು ಎದೆಗೆ ಒತ್ತಿಕೊಂಡು, ಬೆನ್ನು ಸವರುತ್ತ, ತಾನೂ ಅಳುತ್ತಿದ್ದಳು. ನಾನು ಗೋಡೆಯ ಕಡೆ ತಿರುಗಿ ನಿಂತೆ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ.

ಆಮೇಲೆ ಅವ್ವ ಮೂಗು ಒರೆಸಿಕೊಂಡು, ನಾನಿದ್ದ ಕಡೆಗೆ ತಿರುಗಿ, "ಲೇ, ಮನೆ ತಾವ ಓಗಿ ಆ ಬ್ಯಾಗ್ ಇಳಿಸ್ಬುಡ್ಲಾ. ನಾವಿಬ್ರೂ ಆಮ್ಯಾಕ್ ಬತ್ತೀವಿ" ಅಂದಳು.